ಹತ್ತು ಜನಕ್ಕೆ ಒಂದೇ ಮೇಜು: ಮೆಕ್ಸಿಕನ್ ರೆಸ್ಟೋರೆಂಟಿನಲ್ಲಿ ಗುಂಪಿನ ಊಟ ನಡೆಸುವುದು ಹೇಗೆ

ಹತ್ತು ಜನ ಕೂತು ಹತ್ತು ಬೇರೆ ಬೇರೆ ಪ್ಲೇಟ್ ಹೇಳಿದರೆ ಮೆಕ್ಸಿಕನ್ ಊಟ ಅರ್ಧ ಕೆಟ್ಟ ಹಾಗೆಯೇ. ಒಬ್ಬರ ಟಾಕೊ (ಟೋರ್ಟಿಯಾ ಎಂಬ ತೆಳು ರೊಟ್ಟಿಯಲ್ಲಿ ಮಡಚಿದ ಮಾಂಸ ಅಥವಾ ತರಕಾರಿ) ಬಂದು ಆರುತ್ತಿರುತ್ತದೆ, ಇನ್ನೊಬ್ಬರ ಎಂಚಿಲಾಡಾ (ಸಾಸ್ ಸುರಿದ ಟೋರ್ಟಿಯಾ ಸುರುಳಿ) ಓವನ್ನಿನಿಂದ ಇಳಿದಿರುವುದೇ ಇಲ್ಲ. ಮೂರನೆಯವರು ಅಷ್ಟರಲ್ಲಿ ಚಿಪ್ಸ್ ತಿಂದೇ ಹೊಟ್ಟೆ ತುಂಬಿಸಿಕೊಂಡಿರುತ್ತಾರೆ. ಈ ಅಡುಗೆಯಲ್ಲಿ ಬಹುಪಾಲು ಮೇಜಿನ ನಡುವೆ ಇಟ್ಟು, ಕೈಯಲ್ಲಿ ಸುತ್ತಿಕೊಂಡು, ಹಂಚಿಕೊಂಡು ತಿನ್ನುವಂಥದ್ದು. ಹಾಗಾಗಿ ತಲೆಗೊಂದು ಪ್ಲೇಟ್ ಹೇಳುವುದನ್ನು ಬಿಟ್ಟು ಇಡೀ ಮೇಜಿಗೆ ಆರ್ಡರ್ ಮಾಡಿ. ಎಲ್ಲವನ್ನೂ ಒಂದೇ ಸಲ ತರಿಸದೆ ಸುತ್ತು ಸುತ್ತಾಗಿ ತರಿಸಿ. ಕೆಳಗಿನ ಲೆಕ್ಕವೆಲ್ಲ ಹತ್ತು ದೊಡ್ಡವರ ಗುಂಪಿಗೆ. ಆರು ಜನವಿರಲಿ, ಹದಿನೈದು ಜನವಿರಲಿ, ಅದೇ ಪ್ರಮಾಣದಲ್ಲಿ ಇಳಿಸಿ ಏರಿಸಿಕೊಳ್ಳಬಹುದು.

ಬುಕ್ ಮಾಡುವಾಗಲೇ ಕೇಳಬೇಕಾದ್ದು

ಎಂಟು ಜನಕ್ಕಿಂತ ಹೆಚ್ಚಿದ್ದರೆ ಆ್ಯಪ್‌ನಲ್ಲಿ ಟೇಬಲ್ ಹಿಡಿದು ಸುಮ್ಮನಾಗಬೇಡಿ, ಫೋನ್ ಮಾಡಿ. ಹತ್ತೂ ಜನ ಒಂದೇ ಮೇಜಿಗೆ ಕೂರಬಹುದೇ, ಅಥವಾ ಎರಡು ಮೇಜು ಬೇರೆ ಬೇರೆ ಕಡೆ ಕೊಡುತ್ತಾರೆಯೇ? ದೊಡ್ಡ ಗುಂಪಿಗೆ ನಿಗದಿತ ಮೆನು ಕಡ್ಡಾಯವೇ? ಟೇಬಲ್ ಎಷ್ಟು ಹೊತ್ತು ನಮ್ಮದು? ಸರ್ವಿಸ್ ಚಾರ್ಜ್ ತಾವಾಗಿಯೇ ಬಿಲ್ಲಿಗೆ ಸೇರಿಸುತ್ತಾರೆಯೇ? ಬಿಲ್ ಎರಡು ಮಾಡಿ ಕೊಡುತ್ತಾರೆಯೇ? ಈ ಐದು ಪ್ರಶ್ನೆಗೆ ಮೊದಲೇ ಉತ್ತರ ಸಿಕ್ಕಿದರೆ ಊಟದ ನಡುವೆ ಬರುವ ಮುಜುಗರ ಮುಕ್ಕಾಲು ಪಾಲು ತಪ್ಪುತ್ತದೆ.

ವೇಳೆಯ ಆಯ್ಕೆ ಮುಖ್ಯ. ಸಂಜೆ ಅಡುಗೆಮನೆ ತೆರೆದ ಮೊದಲ ಒಂದು ಗಂಟೆಯಲ್ಲಿ ಕೂತ ಗುಂಪಿಗೆ ಊಟ ಬೇಗ ಬರುತ್ತದೆ, ಬಿಸಿಯಾಗಿಯೂ ಬರುತ್ತದೆ. ಶುಕ್ರವಾರ, ಶನಿವಾರದ ರಾತ್ರಿ ಗದ್ದಲವೇ ಬೇಕೆನ್ನುವವರಿಗೆ ಸರಿ. ಮೇ 5ರಂದು ಮಾತ್ರ ಯೋಚಿಸಿ ಬುಕ್ ಮಾಡಿ. 1862ರಲ್ಲಿ ಪ್ವೆಬ್ಲಾ ಎಂಬಲ್ಲಿ ಮೆಕ್ಸಿಕೊ ಸೇನೆ ಫ್ರೆಂಚ್ ಸೇನೆಯನ್ನು ಸೋಲಿಸಿದ ದಿನ ಅದು. ಮೆಕ್ಸಿಕೊದ ಹೊರಗಿನ ಎಷ್ಟೋ ರೆಸ್ಟೋರೆಂಟುಗಳು ಅಂದು ತುಂಬಿ ತುಳುಕುತ್ತವೆ, ಮೆನುವನ್ನೂ ಚಿಕ್ಕದು ಮಾಡಿರುತ್ತವೆ.

ಗದ್ದಲದ ಬಗ್ಗೆ ಒಂದು ಮಾತು. ಟೈಲ್ಸ್ ನೆಲ, ಬರೀ ಗೋಡೆ, ಗಾಜು, ಮರದ ಮೇಜು ಇವೆಲ್ಲ ಸದ್ದನ್ನು ಹೀರದೆ ವಾಪಸ್ ಎಸೆಯುತ್ತವೆ. ಸದ್ದು ಏರಿದಂತೆ ಎಲ್ಲರೂ ತಮಗರಿವಿಲ್ಲದೆ ದನಿ ಏರಿಸುತ್ತಾರೆ, ಅದರಿಂದ ಇಡೀ ಹಾಲ್ ಇನ್ನಷ್ಟು ಜೋರಾಗುತ್ತದೆ. ಸ್ಪೀಕರ್, ಬಾರ್ ಕೌಂಟರ್, ಅಡುಗೆಮನೆ ಬಾಗಿಲು ಮೂರರಿಂದಲೂ ದೂರವಿರುವ ಮೂಲೆಯ ಮೇಜು ಕೇಳಿ. ಮರಿಯಾಚಿ ಎಂಬ ಮೆಕ್ಸಿಕನ್ ಜನಪದ ಸಂಗೀತದ ಗಾಯಕರು ಮೇಜಿಂದ ಮೇಜಿಗೆ ಬರುವ ಜಾಗವಾದರೆ ಅವರಿಗೆ ಹಾಡಿಗಿಷ್ಟು ಎಂದು ಕೊಡುವ ರೂಢಿ ಸಾಮಾನ್ಯ. ಹಾಡು ಶುರುವಾಗುವ ಮೊದಲೇ ಎಷ್ಟು ಎಂದು ಕೇಳಿಬಿಡಿ.

ಉದ್ದನೆಯ ಮೇಜಿನಲ್ಲಿ ಆರ್ಡರ್ ಮಾಡುವವರು ತುದಿಯಲ್ಲಿ ಕೂರಬಾರದು, ನಡುವೆ ಕೂರಬೇಕು. ತುದಿಯಿಂದ ಆಚೆ ತುದಿಯ ಮಾತು ಕೇಳುವುದಿಲ್ಲ. ಮಕ್ಕಳನ್ನು ವೇಟರ್ ತಟ್ಟೆ ಇಳಿಸುವ ಬದಿಯಲ್ಲಿ ಕೂರಿಸಬೇಡಿ. ಕಾರಣ ಫಹೀಟಾ (ಕಾದ ತಟ್ಟೆಯಲ್ಲೇ ಬರುವ ಮಾಂಸ ಅಥವಾ ತರಕಾರಿಯ ಸೀಳುಗಳು) ಬಂದಾಗ ಗೊತ್ತಾಗುತ್ತದೆ.

ಹೊರಡುವ ಮುನ್ನ ಗುಂಪಿಗೊಂದು ಮೆಸೇಜ್

ಒಂದು ದಿನ ಮೊದಲು ಎಲ್ಲರನ್ನೂ ಮೂರು ವಿಷಯ ಕೇಳಿ: ಏನು ತಿನ್ನುವುದಿಲ್ಲ, ಯಾವುದಕ್ಕೆ ಅಲರ್ಜಿ, ಮದ್ಯ ಬೇಕೇ ಬೇಡವೇ. "ಏನು ತಿನ್ನುತ್ತೀರಿ?" ಎಂದು ಕೇಳಿದರೆ ಹತ್ತು ಜನ ಇಪ್ಪತ್ತು ಉತ್ತರ ಕೊಡುತ್ತಾರೆ. "ಏನು ಬೇಡ?" ಎಂದರೆ ಪಟ್ಟಿ ಚಿಕ್ಕದಾಗಿ, ಕೆಲಸಕ್ಕೆ ಬರುವಂತೆ ಸಿಗುತ್ತದೆ. ಆಮೇಲೆ ಆರ್ಡರ್ ಹೇಳುವ ಜವಾಬ್ದಾರಿ ಒಬ್ಬರಿಗೇ ವಹಿಸಿ. ಇಬ್ಬರು ಹೇಳಿದರೆ ಗ್ವಾಕಮೋಲೆ ಎಂಬ ಬೆಣ್ಣೆಹಣ್ಣಿನ ಚಟ್ನಿ ಎರಡು ಪಟ್ಟು ಬರುತ್ತದೆ, ಅನ್ನ ಬರುವುದೇ ಇಲ್ಲ.

ಸಸ್ಯಾಹಾರಿಗಳು ಮತ್ತು ಅಲರ್ಜಿ ಇರುವವರು: ಕಾಣದೆ ಇರುವುದನ್ನು ಕೇಳಿ

ಹೆಚ್ಚು ಎಡವಟ್ಟಾಗುವುದು ಇಲ್ಲೇ. ಮೆನುವಿನಲ್ಲಿ ಬೀನ್ಸ್ ಎಂದಷ್ಟೇ ಇರುತ್ತದೆ. ಆದರೆ ಬೇಯಿಸಿ ಮಸೆದು ಹುರಿದ ಬೀನ್ಸ್‌ಗೆ ಸಾಂಪ್ರದಾಯಿಕವಾಗಿ ಬಳಸುವುದು ಹಂದಿ ಕೊಬ್ಬು. ಟೊಮೆಟೊ ಹಾಕಿದ ಕೆಂಪು ಅನ್ನವನ್ನು ಹಲವೆಡೆ ಕೋಳಿಯ ಸ್ಟಾಕ್‌ನಲ್ಲಿ, ಅಂದರೆ ಕೋಳಿ ಬೇಯಿಸಿದ ರಸದಲ್ಲಿ, ಬೇಯಿಸುತ್ತಾರೆ. ಗೋಧಿ ಟೋರ್ಟಿಯಾದ ಹಿಟ್ಟಿಗೂ ಹಬೆಯಲ್ಲಿ ಬೇಯಿಸುವ ತಮಾಲೆ ಎಂಬ ತಿಂಡಿಯ ಹಿಟ್ಟಿಗೂ ಹಂದಿ ಕೊಬ್ಬು ಬೀಳುವುದುಂಟು. ಎಂಚಿಲಾಡಾದ ಸಾಸ್, ಮೋಲೆ ಎಂಬ ದಟ್ಟ ಗ್ರೇವಿ ಎರಡಕ್ಕೂ ಕೋಳಿ ಸ್ಟಾಕ್ ಸೇರಿರಬಹುದು. ಒಳಗೆ ಚೀಸ್ ತುಂಬಿದ ಚಿಲೆ ರೆಯೆನೊ ನೋಡಲು ತರಕಾರಿ ತಿಂಡಿ. ಅದರ ಮೇಲಿನ ಹೊದಿಕೆ ಮೊಟ್ಟೆಯದು.

"ಇದು ವೆಜ್ಜಾ?" ಎಂದು ಕೇಳಿದರೆ ವೇಟರ್ ಮಾಂಸದ ತುಂಡು ಇಲ್ಲ ಎಂಬ ಅರ್ಥದಲ್ಲಿ ಹೌದು ಎನ್ನಬಹುದು. ಪ್ರಶ್ನೆ ನೇರವಾಗಿರಲಿ: ಬೀನ್ಸ್ ಹುರಿದದ್ದು ಎಣ್ಣೆಯಲ್ಲೋ ಹಂದಿ ಕೊಬ್ಬಿನಲ್ಲೋ? ಅನ್ನಕ್ಕೆ ಹಾಕಿದ್ದು ನೀರೋ ಸ್ಟಾಕೋ? ತರಕಾರಿ ಫಹೀಟಾ ಬೇಯಿಸುವ ಕಾವಲಿ ಬೇರೆಯೋ, ಮಾಂಸದ್ದೇನೋ? ಚಿಪ್ಸ್ ಕರಿಯುವ ಎಣ್ಣೆಯಲ್ಲಿ ಮೀನು, ಕೋಳಿ ಕರಿಯುತ್ತಾರೆಯೇ?

ಧೈರ್ಯವಾಗಿ ಹೇಳಬಹುದಾದದ್ದೂ ಸಾಕಷ್ಟಿದೆ. ಮೆಕ್ಕೆಜೋಳದ ಟೋರ್ಟಿಯಾದಲ್ಲಿ ಅಣಬೆ ಟಾಕೊ, ಪೊಬ್ಲಾನೊ ಮೆಣಸಿನಕಾಯಿ ಸೀಳನ್ನು ಕೆನೆಯಲ್ಲಿ ಬೇಯಿಸಿದ ರಾಹಾಸ್, ನೊಪಾಲೆಸ್ ಎಂಬ ಪಾಪಾಸುಕಳ್ಳಿಯ ಎಳೆ ಪಲ್ಯ, ಕುಂಬಳ ಜಾತಿಯ ಹೂವು ಇಟ್ಟ ಕೇಸದಿಯಾ ಎಂಬ ಚೀಸ್ ತುಂಬಿದ ಟೋರ್ಟಿಯಾ, ಮೆಕ್ಕೆಜೋಳದ ಕಾಳಿಗೆ ಚೀಸ್, ನಿಂಬೆ, ಖಾರದಪುಡಿ ಬೆರೆಸಿದ ಎಸ್ಕಿತೆಸ್. ಆದರೆ ಎಸ್ಕಿತೆಸ್‌ಗೆ ಮೇಯನೇಸ್ ಹಾಕುವ ರೂಢಿ ಇದೆ, ಮೇಯನೇಸ್‌ನಲ್ಲಿ ಮೊಟ್ಟೆ ಇರುತ್ತದೆ. ಮೊಟ್ಟೆ ತಿನ್ನದವರಿದ್ದರೆ ಬೇಡ ಎಂದು ಮೊದಲೇ ಹೇಳಿ.

ಹಂದಿ ಅಥವಾ ದನದ ಮಾಂಸ ಬೇಡ ಎನ್ನುವವರಿಗೆ ಹೆಸರುಗಳೇ ದಾರಿ ತೋರುತ್ತವೆ. ಅಲ್ ಪಾಸ್ಟರ್, ಕಾರ್ನಿತಾಸ್, ಚಿಚರೋನ್ ಹಂದಿಯವು. ಕೊಚಿನೀಟಾ ಪಿಬಿಲ್ ಕೂಡ ಹಂದಿ. ಯುಕಾಟನ್ ಕಡೆಯ ಈ ಅಡುಗೆಯಲ್ಲಿ ಮಾಂಸಕ್ಕೆ ಹುಳಿ ಕಿತ್ತಳೆ ರಸ ಹಚ್ಚಿ ಬಾಳೆ ಎಲೆಯಲ್ಲಿ ಸುತ್ತಿ ಬೇಯಿಸುತ್ತಾರೆ. ಚೊರಿಸೊ ಸಾಮಾನ್ಯವಾಗಿ ಹಂದಿ. ಬಿರಿಯಾ ಮತ್ತು ಬಾರ್ಬಕೋವಾ ಒಂದೊಂದು ಕಡೆ ಒಂದೊಂದು, ಆಡು, ಕುರಿ ಅಥವಾ ದನ, ಕೇಳದೆ ಹೇಳಬೇಡಿ. ಪೋಯೊ ಎಂದಿದ್ದರೆ ಕೋಳಿ, ಲೆಂಗ್ವಾ ಎಂದಿದ್ದರೆ ನಾಲಿಗೆ.

ಕಡಲೆಕಾಯಿ, ಬಾದಾಮಿ, ಎಳ್ಳು ಅಲರ್ಜಿ ಇರುವವರು ಮೋಲೆಯಿಂದ ದೂರವಿರಬೇಕು. ಅದನ್ನು ರುಬ್ಬುವುದೇ ಒಣಮೆಣಸಿನಕಾಯಿ ಜೊತೆ ಬೀಜಗಳನ್ನು ಸೇರಿಸಿ. ಗಟ್ಟಿ ಬರಲು ಬ್ರೆಡ್ ಹಾಕುವುದೂ ಉಂಟು, ಹಾಗಾಗಿ ಗೋಧಿ ಬೇಡವೆನ್ನುವವರಿಗೂ ಅದು ಸಲ್ಲದು. ಸಾಲ್ಸಾ ಮಾಚಾ ಎಂಬ ಎಣ್ಣೆಯ ಚಟ್ನಿಯಲ್ಲೂ ಕಡಲೆಕಾಯಿ, ಎಳ್ಳು ಇರುವುದು ಸಾಮಾನ್ಯ. ಅದು ಮೇಜಿನ ಮೇಲೆ ಪುಟ್ಟ ಬಟ್ಟಲಲ್ಲಿ ತಾನಾಗಿ ಬಂದು ಕೂರುತ್ತದೆ, ಅದಕ್ಕೇ ಹೆಚ್ಚು ಅಪಾಯ.

ಮೊದಲ ಸುತ್ತು: ಚಿಪ್ಸ್ ಬುಟ್ಟಿಗೆ ಕಡಿವಾಣ

ಕೂತ ಹತ್ತು ನಿಮಿಷದೊಳಗೆ ಮೊದಲ ಸುತ್ತಿನ ಆರ್ಡರ್ ಹೋಗಲಿ, ತಡವಾಗಿ ಬರುವವರಿಗೆ ಕಾಯಬೇಡಿ. ಹತ್ತು ಜನಕ್ಕೆ ಚಿಪ್ಸ್ ಎರಡು ಬುಟ್ಟಿ, ಗ್ವಾಕಮೋಲೆ ಎರಡು ಬಟ್ಟಲು, ಎಸ್ಕಿತೆಸ್ ಎರಡು, ಕೇಸೊ ಫುಂದಿದೊ ಒಂದು. ಇಷ್ಟು ಸಾಕು. ಬುಟ್ಟಿ ಖಾಲಿಯಾದಂತೆ ತಾವಾಗಿ ತುಂಬಿಸುವ ಜಾಗವಾದರೆ ಎರಡನೇ ಸಲ ತುಂಬಿಸುವುದು ಬೇಡ ಎಂದು ವೇಟರಿಗೆ ಹೇಳಿ. ಹಸಿದ ಹೊಟ್ಟೆಗೆ ಉಪ್ಪು ಹಾಕಿದ ಚಿಪ್ಸ್ ಎಷ್ಟು ಹೋಯಿತೆಂದೇ ಗೊತ್ತಾಗುವುದಿಲ್ಲ, ಒಳ್ಳೆಯ ಅಡುಗೆ ಬರುವ ಹೊತ್ತಿಗೆ ಹಸಿವೇ ಇರುವುದಿಲ್ಲ.

ಗ್ವಾಕಮೋಲೆ ಮೂರನೇ ಬಟ್ಟಲು ಬೇಕೆನಿಸಿದರೆ ಮುಖ್ಯ ಊಟದ ಜೊತೆಗೆ ತರಿಸಿ. ಬೆಣ್ಣೆಹಣ್ಣು ಗಾಳಿಗೆ ಒಡ್ಡಿಕೊಂಡರೆ ಕಂದು ತಿರುಗುತ್ತದೆ, ನಿಂಬೆರಸ ಅದನ್ನು ತಡಮಾಡುತ್ತದೆ ಅಷ್ಟೇ. ಒಂದು ಬಟ್ಟಲು ಹಸಿಮೆಣಸಿನಕಾಯಿ ಇಲ್ಲದ್ದು ಇರಲಿ.

ಕೇಸೊ ಫುಂದಿದೊ ಎಂದರೆ ಕಾದ ಮಣ್ಣಿನ ಅಥವಾ ಬೀಡಿನ ಬಟ್ಟಲಲ್ಲಿ ಕರಗಿಸಿದ ಚೀಸ್. ಬಂದ ಕೂಡಲೇ ತಿನ್ನಬೇಕು. ಚಮಚ ಎತ್ತಿದರೆ ಎಳೆ ಎಳೆಯಾಗಿ ಬರುವ ಹೊತ್ತು ಬಹಳ ಕಡಿಮೆ. ಐದು ಹತ್ತು ನಿಮಿಷದಲ್ಲಿ ಮೇಲೆ ಎಣ್ಣೆ ಬೇರೆಯಾಗಿ, ಕೆಳಗೆ ರಬ್ಬರಿನಂತೆ ಗಟ್ಟಿಯಾಗುತ್ತದೆ. ಇದಕ್ಕೆ ಚಿಪ್ಸ್ ಹೊಂದುವುದಿಲ್ಲ, ಮುರಿದು ಒಳಗೇ ಉಳಿಯುತ್ತದೆ. ಬೆಚ್ಚಗಿನ ಟೋರ್ಟಿಯಾ ಚೂರಿನಲ್ಲಿ ತೆಗೆದುಕೊಳ್ಳಿ.

ಸಾಲ್ಸಾ: ಬಣ್ಣ ನೋಡಿ ಖಾರ ಅಳೆಯಬೇಡಿ

ಹಸಿರು ಸಾಲ್ಸಾ ಸಪ್ಪೆ, ಕೆಂಪು ಖಾರ ಎಂದುಕೊಂಡು ದೊಡ್ಡ ಚಮಚ ಸುರಿದುಕೊಳ್ಳುವುದು ಗುಂಪಿನಲ್ಲಿ ಒಬ್ಬರಾದರೂ ಮಾಡುವ ತಪ್ಪು. ಹಸಿರಿನ ಬಣ್ಣ ಬರುವುದು ಟೊಮಾಟಿಯೊ ಎಂಬ ಹುಳಿಕಾಯಿಯಿಂದ. ಅದಕ್ಕೆ ಸೆರಾನೊ ಮೆಣಸಿನಕಾಯಿ ಹಾಕಿ ರುಬ್ಬಿದ್ದರೆ ಕೆಂಪಿಗಿಂತ ಹಸಿರೇ ಹೆಚ್ಚು ಸುಡುತ್ತದೆ. ಮೆಣಸಿನಕಾಯಿಯ ಖಾರ ಅಳೆಯುವ ಸ್ಕೋವಿಲ್ ಅಳತೆಯಲ್ಲಿ ಹಲಪೇನ್ಯೊ ಸುಮಾರು 2,500ರಿಂದ 8,000, ಸೆರಾನೊ 10,000 ದಾಟುತ್ತದೆ, ಹಬನೇರೊ 1,00,000ದಿಂದ 3,50,000. ಅಂದರೆ ಕಿತ್ತಳೆ ಬಣ್ಣದ, ಹಣ್ಣಿನ ಪರಿಮಳದ ಆ ಸಣ್ಣ ಬಟ್ಟಲನ್ನು ಹಬನೇರೊ ಎಂದು ತಿಳಿದೇ ಮುಟ್ಟಬೇಕು. ಚಿಪೋಟ್ಲೆ ಎಂದರೆ ಹೊಗೆಯಲ್ಲಿ ಒಣಗಿಸಿದ ಹಲಪೇನ್ಯೊ. ಹೊಗೆಯ ವಾಸನೆ ಮುಂದೆ ಬರುತ್ತದೆ, ಖಾರ ಹಿಂದೆ ಬರುತ್ತದೆ.

ರುಚಿ ನೋಡುವ ಕ್ರಮ ಹೀಗೆ: ಚಿಪ್ಸ್‌ನ ಒಂದು ಮೂಲೆಗೆ ಮಾತ್ರ ತಾಗಿಸಿ ತಿನ್ನಿ, ಅರ್ಧ ನಿಮಿಷ ಕಾಯಿರಿ, ಆಮೇಲೆ ಮುಂದಿನದು. ಖಾರ ತಡವಾಗಿ ಏರುತ್ತದೆ. ತಾಳಲಾರದಷ್ಟಾದರೆ ನೀರು ಕುಡಿಯಬೇಡಿ. ಖಾರದ ಅಂಶವಾದ ಕ್ಯಾಪ್ಸೈಸಿನ್ ನೀರಿನಲ್ಲಿ ಕರಗುವುದಿಲ್ಲ, ನೀರು ಅದನ್ನು ಬಾಯಿ ತುಂಬ ಹರಡುತ್ತದೆ. ಕ್ರೇಮಾ ಎಂಬ ಹುಳಿಗೆನೆ, ಹಾಲು ಅಥವಾ ಚೀಸ್ ಬೇಗ ಶಮನ ಮಾಡುತ್ತದೆ. ಮೇಜಿಗೆ ಮೊದಲೇ ಎರಡು ಬಟ್ಟಲು ಕ್ರೇಮಾ ಹೇಳಿಟ್ಟರೆ ಒಳ್ಳೆಯದು.

ಮುಖ್ಯ ಊಟ: ಹತ್ತು ಜನಕ್ಕೆ ಎಂಟು ಜನರ ಅಡುಗೆ

ಮೊದಲ ಸುತ್ತು ತಿಂದಿರುವುದರಿಂದ ಮುಖ್ಯ ಊಟಕ್ಕೆ ಎಂಟು ಜನರ ಲೆಕ್ಕ ಹಿಡಿಯಿರಿ, ಬೇಕಾದರೆ ಆಮೇಲೆ ಸೇರಿಸಿ. ಅಂಗೈ ಅಗಲದ ಸಣ್ಣ ಟಾಕೊ ಮೂರು ಸೇರಿದರೆ ಒಬ್ಬರ ಊಟ. ಇಬ್ಬರ ಫಹೀಟಾ ತಟ್ಟೆ, ಬೀನ್ಸ್ ಅನ್ನ ಜೊತೆಗಿದ್ದರೆ, ಎರಡರಿಂದ ಮೂರು ಜನಕ್ಕೆ. ಎಂಚಿಲಾಡಾ ಒಂದು ಪ್ಲೇಟ್ ಒಬ್ಬರಿಗೆ. ಈ ಪ್ರಕಾರ ಹತ್ತು ಜನರ ಮೊದಲ ಆರ್ಡರ್: ಟಾಕೊ 12, ಇಬ್ಬರ ಫಹೀಟಾ ಒಂದು, ಎಂಚಿಲಾಡಾ ಎರಡು ಪ್ಲೇಟ್, ಅನ್ನ ಎರಡು, ಬೀನ್ಸ್ ಎರಡು. ಅದು ಮುಗಿಯುತ್ತಾ ಬಂದಾಗ ಹಸಿವು ನೋಡಿಕೊಂಡು ಇನ್ನೊಂದು ಆರೆಂಟು ಟಾಕೊ.

ಟಾಕೊವನ್ನೇ ಏಕೆ ಎರಡು ಸಲ ತರಿಸಬೇಕು? ಕಾದು ಕೂರುವ ಗುಣ ಅದಕ್ಕಿಲ್ಲ. ಮಾಂಸದ ರಸ, ಸಾಲ್ಸಾ ಎರಡೂ ಇಳಿದು ಐದು ನಿಮಿಷದಲ್ಲಿ ಟೋರ್ಟಿಯಾ ನೆನೆಯುತ್ತದೆ, ಎತ್ತಿದರೆ ತಳ ಹರಿಯುತ್ತದೆ. ಟಾಕೊಗೆ ಎರಡು ಟೋರ್ಟಿಯಾ ಒಂದರ ಮೇಲೊಂದು ಕೊಡುವುದು ಇದಕ್ಕೇ. ಮೇಲಿನದು ಹರಿದರೂ ಕೆಳಗಿನದು ಹಿಡಿದುಕೊಳ್ಳುತ್ತದೆ. ಎಂಚಿಲಾಡಾ, ಮೋಲೆ ಹಾಕಿದ ಕೋಳಿ ಹಾಗಲ್ಲ. ಸಾಸ್‌ನಲ್ಲೇ ಮುಳುಗಿರುವುದರಿಂದ ಬಿಸಿ ಹೆಚ್ಚು ಹೊತ್ತು ನಿಲ್ಲುತ್ತದೆ, ಮಾತಾಡುತ್ತಾ ನಿಧಾನ ತಿನ್ನಬಹುದು. ಹರಟೆಯ ಗುಂಪಿಗೆ ಟಾಕೊ ಕಡಿಮೆ ಮಾಡಿ ಇವುಗಳನ್ನು ಹೆಚ್ಚಿಸಿ.

ಬಗೆಗಳು ಮೂರು ನಾಲ್ಕಕ್ಕೆ ನಿಲ್ಲಲಿ. ಹನ್ನೆರಡು ಟಾಕೊ ಎಂದರೆ ನಾಲ್ಕು ಬಗೆ, ತಲಾ ಮೂರು. ಅಡುಗೆಯವರಿಗೆ ಒಂದೇ ಬಗೆಯದನ್ನು ಒಟ್ಟಿಗೆ ಹಚ್ಚಿ ಕಳಿಸಲು ಸುಲಭ, ಎಲ್ಲವೂ ಒಂದೇ ಹೊತ್ತಿಗೆ ಬರುತ್ತದೆ. ನೆಟ್ಟಗಿನ ಸರಳಿಗೆ ಚುಚ್ಚಿ ತಿರುಗಿಸುತ್ತಾ ಸುಡುವ ಅಲ್ ಪಾಸ್ಟರ್ ಆ ಜಾಗದಲ್ಲಿ ಕಣ್ಣಿಗೆ ಕಂಡರೆ, ಹಂದಿ ತಿನ್ನುವವರು ಅದನ್ನು ಬಿಡಬಾರದು. ಲೆಬನಾನಿನಿಂದ ವಲಸೆ ಬಂದವರು ತಂದ ಶವರ್ಮಾ ಪದ್ಧತಿ ಮೆಕ್ಸಿಕೊದ ಮೆಣಸಿನ ಮಸಾಲೆ, ಅನಾನಸ್ ಸೇರಿ ಹೀಗಾಯಿತು. ಒಳ್ಳೆಯ ಅಲ್ ಪಾಸ್ಟರ್‌ನ ಚೂರಿನ ಅಂಚು ಗರಿಗರಿಯಾಗಿರುತ್ತದೆ, ಒಳಗೆ ಮೆತ್ತಗಿರುತ್ತದೆ. ಅಂಚೂ ಮೆತ್ತಗಿದ್ದರೆ ಅದು ಸರಳಿನಿಂದ ಕೊಯ್ದದ್ದಲ್ಲ, ಬಾಣಲೆಯಲ್ಲಿ ಹುರಿದದ್ದು ಎಂದುಕೊಳ್ಳಬಹುದು.

ಟಾಕೊ ತಿನ್ನುವಾಗ ತಲೆ ವಾಲಿಸಿ, ಟಾಕೊ ವಾಲಿಸಬೇಡಿ. ಮೊದಲು ನಿಂಬೆ ಹಿಂಡಿ, ಆಮೇಲೆ ಸಾಲ್ಸಾ, ಕೊನೆಗೆ ಈರುಳ್ಳಿ ಕೊತ್ತಂಬರಿ. ಮೂರು ಬೆರಳಲ್ಲಿ ಅಂಚು ಕೂಡಿಸಿ ಹಿಡಿದು ಬದಿಯಿಂದ ಕಚ್ಚಿ. ತುಂಬಿದ್ದು ಎರಡು ಚಮಚ ದಾಟಿದರೆ ಯಾರ ಕೈಯಲ್ಲೂ ನಿಲ್ಲದು.

ಟೋರ್ಟಿಯಾ ಬುಟ್ಟಿಯ ಮುಚ್ಚಳ

ಜೋಳದ ಟೋರ್ಟಿಯಾ ಮಾಡುವುದು ಸುಣ್ಣದ ನೀರಿನಲ್ಲಿ ಬೇಯಿಸಿ ನೆನೆಹಾಕಿ ರುಬ್ಬಿದ ಮೆಕ್ಕೆಜೋಳದ ಹಿಟ್ಟಿನಿಂದ. ಗೋಧಿಯಲ್ಲಿರುವ ಅಂಟು ಅದರಲ್ಲಿಲ್ಲ. ಬಿಸಿಯಿರುವಾಗ ರೇಷ್ಮೆಯಂತೆ ಮಡಚುತ್ತದೆ. ಆರಿದರೆ ಪಿಷ್ಟ ಗಟ್ಟಿಯಾಗಿ ಮಡಚಿದ ಗೆರೆಯಲ್ಲೇ ಸೀಳುತ್ತದೆ. ಆದ್ದರಿಂದ ಬುಟ್ಟಿಯ ಮುಚ್ಚಳವನ್ನು, ಒಳಗಿನ ಬಟ್ಟೆಯನ್ನು ಪ್ರತಿ ಸಲವೂ ಮುಚ್ಚಿ. ಒಂದೇ ಸಲ ಮೂವತ್ತು ತರಿಸಬೇಡಿ, ಹತ್ತು ಹತ್ತು ತರಿಸಿ. ಫಹೀಟಾಕ್ಕೆ ಗೋಧಿಯದು, ಸಣ್ಣ ಟಾಕೊಗೆ ಜೋಳದ್ದು ಹೊಂದುತ್ತದೆ. ಗೋಧಿ ತಿನ್ನದವರಿದ್ದರೆ ಎರಡನ್ನೂ ಒಂದೇ ಬುಟ್ಟಿಯಲ್ಲಿ ತರಬಾರದೆಂದು ಹೇಳಿ, ಜೋಳದ್ದರಲ್ಲಿ ಗೋಧಿ ಬೆರಕೆ ಇದೆಯೇ ಎಂದೂ ವಿಚಾರಿಸಿ.

ಫಹೀಟಾ ತಟ್ಟೆ ಚರ್‍ರೆನ್ನುತ್ತಾ, ಹೊಗೆಯಾಡುತ್ತಾ ಬರುತ್ತದೆ. ಆ ಬೀಡಿನ ತಟ್ಟೆ ಸದ್ದು ನಿಂತ ಮೇಲೂ ಕೈ ಸುಡುವಷ್ಟು ಬಿಸಿ ಇರುತ್ತದೆ. ಇಳಿಸುವ ಮೊದಲೇ ಮೇಜಿನ ನಡುವೆ ಜಾಗ ತೆರವು ಮಾಡಿ, ಗ್ಲಾಸು, ಫೋನು ಸರಿಸಿ. ತಟ್ಟೆಯನ್ನು ಕೈಯಿಂದ ಕೈಗೆ ದಾಟಿಸಬೇಡಿ, ನಿಮ್ಮ ಟೋರ್ಟಿಯಾವನ್ನು ಅದರ ಹತ್ತಿರ ಕೊಂಡೊಯ್ಯಿರಿ. ಮಾಂಸವನ್ನು ತಟ್ಟೆಯಲ್ಲೇ ಬಿಟ್ಟರೆ ಬೇಯುತ್ತಲೇ ಇರುತ್ತದೆ, ತೆಳು ಚೂರುಗಳು ಬೇಗ ಒರಟಾಗುತ್ತವೆ. ಈರುಳ್ಳಿ, ದಪ್ಪಮೆಣಸಿನಕಾಯಿಯನ್ನು ಕೆಳಗೆ ತಳ್ಳಿ ಮಾಂಸವನ್ನು ಅದರ ಮೇಲೆ ಏರಿಸಿಡಿ.

ಕುಡಿಯಲು

ಮದ್ಯ ಬೇಡದವರಿಗೆ ಅಗ್ವಾ ಫ್ರೆಸ್ಕಾ ಹೂಜಿ ಹೇಳಿ: ದಾಸವಾಳದ ಜಾತಿಯ ಕೆಂಪು ಹೂವಿನ ಹುಳಿ ಪಾನೀಯ, ಹುಣಸೆಯದು, ಅಥವಾ ಅಕ್ಕಿ ಮತ್ತು ದಾಲ್ಚಿನ್ನಿಯ ಓರ್ಚಾಟಾ. ಹುಳಿ ಪಾನೀಯಗಳು ಜಿಡ್ಡಿನ ಊಟಕ್ಕೆ ಚೆನ್ನಾಗಿ ಹೊಂದುತ್ತವೆ.

ಮಾರ್ಗರಿಟಾ (ಟಕೀಲಾ ಎಂಬ ಮದ್ಯಕ್ಕೆ ನಿಂಬೆರಸ, ಕಿತ್ತಳೆ ಲಿಕ್ಯೂರ್ ಬೆರೆಸಿದ ಪಾನೀಯ) ಹೂಜಿ ತರಿಸುವ ಮುನ್ನ ಎಷ್ಟು ಗ್ಲಾಸ್ ಆಗುತ್ತದೆಂದು ಕೇಳಿ, ಹೂಜಿಯ ಅಳತೆ ಒಂದೊಂದು ಕಡೆ ಒಂದೊಂದು. 60 ಮಿಲಿ ಟಕೀಲಾ ಬಿದ್ದ ಒಂದು ಗ್ಲಾಸಿನಲ್ಲಿ, 40 ಶೇಕಡಾ ಎಂದಿಟ್ಟುಕೊಂಡರೆ, ಸುಮಾರು 19 ಗ್ರಾಂ ಆಲ್ಕೋಹಾಲ್ ಇರುತ್ತದೆ, ಕಿತ್ತಳೆ ಲಿಕ್ಯೂರ್ ಅದರ ಮೇಲೆ. ಐಸ್ ಜೊತೆ ರುಬ್ಬಿದ ಸಿಹಿ ಮಾರ್ಗರಿಟಾದಲ್ಲಿ ತಂಪು ಮತ್ತು ಸಕ್ಕರೆ ಈ ತೀಕ್ಷ್ಣತೆಯನ್ನು ಮರೆಮಾಡುತ್ತವೆ. ಗಾಡಿ ಓಡಿಸುವವರು ಮೊದಲ ಗ್ಲಾಸನ್ನೂ ಮುಟ್ಟದಿರಲಿ. ಟಕೀಲಾ ಆರಿಸುವುದಾದರೆ 100 ಶೇಕಡಾ ಅಗಾವೆ (ಟಕೀಲಾ ತಯಾರಿಸುವ ಗಿಡ) ಎಂದು ಬರೆದದ್ದನ್ನು ಕೇಳಿ; ಹಾಗೆ ಬರೆಯದಿದ್ದರೆ ಬೇರೆ ಸಕ್ಕರೆಯೂ ಸೇರಿರಬಹುದು.

ಸಿಹಿಗೆ ಚುರೋಸ್ (ಕರಿದ ಹಿಟ್ಟಿನ ಕಡ್ಡಿಗಳು) ಎರಡು ಪ್ಲೇಟ್, ತ್ರೆಸ್ ಲೆಚೆಸ್ (ಹಾಲಿನಲ್ಲಿ ನೆನೆಸಿದ ಕೇಕ್) ಎರಡು ತುಂಡು, ಹತ್ತು ಚಮಚ. ಫ್ಲಾನ್ ಎಂಬ ಕಸ್ಟರ್ಡ್‌ನಲ್ಲಿಯೂ ತ್ರೆಸ್ ಲೆಚೆಸ್‌ನಲ್ಲಿಯೂ ಮೊಟ್ಟೆ ಇದೆ.

ಬಿಲ್

ಬಿಲ್ ಎರಡು ಬೇಕೆಂದು ಮೊದಲ ಆರ್ಡರಿಗೆ ಮುಂಚೆಯೇ ಹೇಳಿ: ಊಟದ್ದು ಒಂದು, ಮದ್ಯದ್ದು ಇನ್ನೊಂದು. ಎಲ್ಲ ಮುಗಿದ ಮೇಲೆ ಬೇರ್ಪಡಿಸುವುದು ವೇಟರಿಗೂ ಕಷ್ಟ, ತಪ್ಪೂ ಆಗುತ್ತದೆ. ಹಂಚಿ ತಿಂದ ಊಟವನ್ನು ತಲೆಗಿಷ್ಟು ಎಂದು ಸಮನಾಗಿ ಭಾಗಿಸಿ, ಮಕ್ಕಳದ್ದು ಅರ್ಧ. ಮದ್ಯದ ಬಿಲ್ ಕುಡಿದವರ ನಡುವೆ ಮಾತ್ರ. ಸಸ್ಯಾಹಾರಿಗಳು ತಿಂದದ್ದು ನಿಜಕ್ಕೂ ಕಡಿಮೆಯಾಗಿದ್ದರೆ ಫಹೀಟಾದ ಹಣವನ್ನು ತಿಂದವರಿಗೇ ಹಾಕಿ. ಸಣ್ಣ ಮೊತ್ತವಾದರೂ ಮನಸ್ಸಿನಲ್ಲಿ ಉಳಿಯುವುದು ಇಂಥದ್ದೇ. ಸರ್ವಿಸ್ ಚಾರ್ಜ್ ಆಗಲೇ ಸೇರಿದೆಯೇ ಎಂದು ನೋಡಿ, ಆಮೇಲೆ ಟಿಪ್ಸ್ ಲೆಕ್ಕ ಹಾಕಿ. ಒಬ್ಬರು ಪೂರ್ತಿ ಕಟ್ಟಿ, ಉಳಿದವರು ಮೇಜಿನಿಂದ ಏಳುವ ಮೊದಲೇ ಅವರಿಗೆ ಕಳಿಸಿಬಿಡಲಿ.

ಉಳಿದದ್ದನ್ನು ಕಟ್ಟಿಸುವಾಗ

ಬೇಯಿಸಿದ ಪದಾರ್ಥ ಹೊರಗಿನ ಶಾಖದಲ್ಲಿ ಎರಡು ಗಂಟೆ ದಾಟಿ ಇದ್ದರೆ ಕಟ್ಟಿಸಬೇಡಿ, ಅನ್ನ ಮತ್ತು ಮಾಂಸದ ವಿಷಯದಲ್ಲಂತೂ ಖಂಡಿತ ಬೇಡ. ಟಾಕೊವನ್ನು ಹಾಗೆಯೇ ಡಬ್ಬಿಗೆ ಹಾಕಿದರೆ ಮನೆಗೆ ಹೋಗುವಷ್ಟರಲ್ಲಿ ಮುದ್ದೆಯಾಗುತ್ತದೆ. ಮಾಂಸ, ಟೋರ್ಟಿಯಾ, ಸಾಲ್ಸಾ ಮೂರನ್ನೂ ಬೇರೆ ಬೇರೆ ಕಟ್ಟಿಸಿ. ಗ್ವಾಕಮೋಲೆ ಅಲ್ಲೇ ಮುಗಿಸಿ. ಮರುದಿನ ಟೋರ್ಟಿಯಾವನ್ನು ಎಣ್ಣೆ ಹಾಕದ ಕಾದ ಕಾವಲಿಯ ಮೇಲೆ ಎರಡೂ ಬದಿ ಅರ್ಧರ್ಧ ನಿಮಿಷ ಬಿಸಿಮಾಡಿ ಬಟ್ಟೆಯಲ್ಲಿ ಸುತ್ತಿಡಿ. ಮೋಲೆ ಉಳಿದಿದ್ದರೆ ಎರಡು ಮೂರು ಚಮಚ ನೀರು ಬೆರೆಸಿ ಸಣ್ಣ ಉರಿಯಲ್ಲಿ ಕೈಯಾಡಿಸುತ್ತಲೇ ಇರಿ; ಬೀಜಗಳ ಮಸಾಲೆಯಾದ್ದರಿಂದ ತಳ ಬಹಳ ಬೇಗ ಹಿಡಿಯುತ್ತದೆ.